ಬೇಸ್ ಕೇಳಿಸದಿದ್ದರೆ ಮೊದಲು ವಾಲ್ಯೂಮ್‌ಗೆ ಕೈ ಹಾಕಬೇಡಿ

ಮಾನ್ಯ ಸಂಪಾದಕರಿಗೆ,

ನಮಸ್ಕಾರ.

ನನ್ನ ಹತ್ತಿರ ಬೇಸ್ ಗಿಟಾರ್ ಕಲಿಯುವ ಹುಡುಗಿ ಮೊನ್ನೆ ನಿಮ್ಮ ಪತ್ರಿಕೆಯ ಪುಟವೊಂದನ್ನು ಕತ್ತರಿಸಿ ತಂದಿದ್ದಳು. ಹೊಸದಾಗಿ ಬೇಸ್ ಕಲಿಯುವವರಿಗೆ ಸಲಹೆ ಕೊಡುವ ಲೇಖನ, ಭಾನುವಾರದ ಪುರವಣಿಯಲ್ಲಿ ಬಂದದ್ದು. ನಾಲ್ಕಾಗಿ ಮಡಚಿ ಗಿಟಾರ್ ಬ್ಯಾಗಿನ ಜೇಬಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದಳು. ಈ ವಾದ್ಯದ ಬಗ್ಗೆ ಕನ್ನಡದಲ್ಲಿ ಬರೆಯುವವರು ತೀರಾ ಕಡಿಮೆ. ನೋಡಿ ಖುಷಿಯಾಯಿತು. ಆದರೆ ಓದುತ್ತಾ ಎರಡು ಕಡೆ ತಡೆದು ನಿಂತೆ. ಬ್ಯಾಂಡ್ ಜೊತೆ ಬೇಸ್ ಕೇಳಿಸದಿದ್ದರೆ ಜಾಸ್ತಿ ವಾಟ್‌ನ ಆಂಪ್ (ಸದ್ದು ಹೆಚ್ಚಿಸುವ ಆಂಪ್ಲಿಫೈಯರ್) ಕೊಳ್ಳಿ ಎಂದು ಒಂದು ಕಡೆ ಇದೆ. ಆಂಪ್‌ನಿಂದ ಸ್ಪೀಕರ್ ಪೆಟ್ಟಿಗೆಗೆ ಗಿಟಾರ್ ಕೇಬಲ್ಲನ್ನೇ ಹಾಕಿದರೂ ನಡೆಯುತ್ತದೆ ಎಂದು ಇನ್ನೊಂದು ಕಡೆ. 22 ವರ್ಷದಿಂದ ಬೇಸ್ ನುಡಿಸುತ್ತಿದ್ದೇನೆ, ಅದರಲ್ಲಿ 10 ವರ್ಷದಿಂದ ಕಲಿಸುತ್ತಲೂ ಇದ್ದೇನೆ. ಈ ಎರಡು ಮಾತಿಗೆ ಉತ್ತರ ಬರೆಯದೆ ಇರಲು ಆಗಲಿಲ್ಲ.

ಮೊದಲು ಕೇಬಲ್ ವಿಷಯ. ಅದು ಅಪಾಯದ ವಿಷಯ.

ಗಿಟಾರಿನಿಂದ ಆಂಪ್‌ಗೆ ಹೋಗುವ ಸಿಗ್ನಲ್ ತುಂಬಾ ಸಣ್ಣದು. ಹಾಗಾಗಿ ಗಿಟಾರ್ ಕೇಬಲ್ ಒಳಗೆ ಒಂದು ತೆಳು ತಂತಿ ಇರುತ್ತದೆ. ಹೊರಗಿನ ಗುಂಯ್ ಶಬ್ದ ಒಳಗೆ ನುಗ್ಗಬಾರದು ಎಂದು ಅದರ ಸುತ್ತ ಜಾಲರಿ ಹೆಣೆದಿರುತ್ತಾರೆ. ಆಂಪ್‌ನಿಂದ ಸ್ಪೀಕರ್‌ಗೆ ಹೋಗುವುದು ಹಾಗಲ್ಲ. ಅಲ್ಲಿ ಹರಿಯುವ ಕರೆಂಟ್ ಜಾಸ್ತಿ, ಅದಕ್ಕೆ ಎರಡು ದಪ್ಪ ತಂತಿ ಬೇಕು. ಎರಡೂ ಕೇಬಲ್‌ಗಳ ತುದಿಯಲ್ಲಿ ಅದೇ ಕಾಲು ಇಂಚಿನ ಜ್ಯಾಕ್ ಇರುವುದರಿಂದ ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಒಮ್ಮೆ ರಿಹರ್ಸಲ್‌ನಲ್ಲಿ ಅವಸರದಲ್ಲಿ ಯಾರೋ ನನ್ನ ಸ್ಪೀಕರ್‌ಗೆ ಗಿಟಾರ್ ಕೇಬಲ್ ಸಿಕ್ಕಿಸಿದ್ದರು. ನಾನೂ ನೋಡಿಕೊಳ್ಳಲಿಲ್ಲ. ನಾಲ್ಕನೇ ಹಾಡಿಗೆ ಧ್ವನಿ ಸೊರಗಿತು. ಪ್ಲಾಸ್ಟಿಕ್ ಕಾದ ವಾಸನೆ ಬಂತು. ಬಗ್ಗಿ ಕೇಬಲ್ ಮುಟ್ಟಿದರೆ ಬಿಸಿ. ತಕ್ಷಣ ಸ್ವಿಚ್ ಆಫ್ ಮಾಡಿದ್ದಕ್ಕೆ ಆಂಪ್ ಉಳಿಯಿತು. ಒಳಗಿನ ಪದರ ಕರಗಿ ತಂತಿಯೂ ಜಾಲರಿಯೂ ಒಂದಕ್ಕೊಂದು ತಾಗಿದ್ದರೆ ಆಂಪ್ ಸುಟ್ಟುಹೋಗುವ ಸಾಧ್ಯತೆ ಇತ್ತು. ಟ್ಯೂಬ್ ಆಂಪ್ (ಗಾಜಿನ ವಾಲ್ವ್‌ಗಳಿಂದ ನಡೆಯುವ ಆಂಪ್) ಇದ್ದವರು ಇನ್ನೂ ಹುಷಾರಾಗಿರಬೇಕು. ಸ್ಪೀಕರ್ ಸಿಕ್ಕಿಸದೆ ಅದನ್ನು ನುಡಿಸಲೇಬಾರದು, ಸ್ಪೀಕರ್‌ಗೆ ಸಿಗ್ನಲ್ ದಾಟಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗಬಹುದು. ಆಂಪ್ ಮತ್ತು ಪೆಟ್ಟಿಗೆ ಎರಡರಲ್ಲೂ ತಿರುಗಿಸಿ ಲಾಕ್ ಮಾಡುವ ಸ್ಪೀಕಾನ್ ಕಿಂಡಿ ಇದ್ದರೆ ಅದನ್ನೇ ಬಳಸಿ. ಗಿಟಾರ್ ಕೇಬಲ್ ಅದರೊಳಗೆ ಹೋಗುವುದೇ ಇಲ್ಲ, ತಪ್ಪು ಮಾಡಲು ದಾರಿ ಇಲ್ಲ.

ಜೊತೆಗೆ ಓಮ್ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಓಮ್ ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ, ಅದು ಕಡಿಮೆಯಾದಷ್ಟೂ ಆಂಪ್ ಮೇಲೆ ಹೊರೆ ಜಾಸ್ತಿ. 8 ಓಮ್‌ನ ಎರಡು ಪೆಟ್ಟಿಗೆಗಳನ್ನು ಮಾಮೂಲಿಯಾಗಿ ಜೋಡಿಸಿದರೆ ಆಂಪ್‌ಗೆ ಕಾಣುವುದು 4 ಓಮ್. ಮೂರನೆಯದನ್ನೂ ಸೇರಿಸಿದರೆ 2.67. ಆಂಪ್ ಹಿಂದೆ 'ಕನಿಷ್ಠ 4 ಓಮ್' ಎಂದು ಬರೆದಿದ್ದರೆ ಎರಡಕ್ಕೇ ನಿಲ್ಲಿಸಬೇಕು.

ಈಗ ವಾಟ್ ವಿಷಯ. ಇಲ್ಲಿ ನನ್ನದೇ ಅನುಭವ ಹೇಳಬೇಕು.

ನುಡಿಸಲು ಶುರು ಮಾಡಿದ ಎರಡನೇ ವರ್ಷ ಮನೆಯಲ್ಲಿ ಒಬ್ಬನೇ ಕೂತು ಆಂಪ್ ಸೆಟ್ ಮಾಡುತ್ತಿದ್ದೆ. ತಗ್ಗಿನ ಸದ್ದಿನ ಬೇಸ್ ನಾಬ್ ಪೂರ್ತಿ ಮೇಲೆ, ಎತ್ತರದ ಸದ್ದಿನ ಟ್ರೆಬಲ್ ಪೂರ್ತಿ ಮೇಲೆ, ನಡುವಿನ ಸದ್ದಿನ ಮಿಡ್ ಪೂರ್ತಿ ಕೆಳಗೆ. ಕಿಟಕಿ ಗಾಜು ನಡುಗುತ್ತಿತ್ತು. ಇದಕ್ಕಿಂತ ಒಳ್ಳೆಯ ಧ್ವನಿ ಇಲ್ಲ ಅನ್ನಿಸುತ್ತಿತ್ತು. ಅದೇ ಸೆಟ್ಟಿಂಗ್ ಹಿಡಿದು ಬ್ಯಾಂಡ್ ಜೊತೆ ನಿಂತೆ. ಮೊದಲ ಹಾಡು ಮುಗಿಯುತ್ತಲೇ ಡ್ರಮ್ಸ್ ನುಡಿಸುವವನು, 'ಗುರು, ನಿಂದು ಕೇಳ್ತಾನೇ ಇಲ್ಲ' ಅಂದ. ವಾಲ್ಯೂಮ್ ಏರಿಸಿದೆ. ಅವನು ಇನ್ನೂ ಜೋರಾಗಿ ಬಡಿದ. ಗಿಟಾರಿನವನೂ ಏರಿಸಿದ. ಮೂರು ಹಾಡು ಆಗುವಷ್ಟರಲ್ಲಿ ಎಲ್ಲರ ಕಿವಿ ಗುಂಯ್‌ಗುಡುತ್ತಿತ್ತು, ಬೇಸ್ ಮಾತ್ರ ಆಗಲೂ ಕೇಳಿಸುತ್ತಿರಲಿಲ್ಲ.

ಆಗ ಕೀಬೋರ್ಡ್ ನುಡಿಸುತ್ತಿದ್ದ ಹಿರಿಯರು, 'ಉದ್ದದ ಕೇಬಲ್ ಇದ್ಯಾ? ಹಾಕ್ಕೊಂಡು ಕೆಳಗೆ ಬಾ' ಅಂದರು. ನುಡಿಸುತ್ತಲೇ ಹಾಲ್ ಮಧ್ಯಕ್ಕೆ ನಡೆದು ಹೋದೆ. ವೇದಿಕೆಯ ಮೇಲೆ ನನಗೆ ಏನೂ ಕೇಳಿಸುತ್ತಿರಲಿಲ್ಲ. ಇಲ್ಲಿ ಹಾಲ್ ತುಂಬಾ ಬರೀ ಗುಡುಗುಡು ಸದ್ದು. ಯಾವ ಸ್ವರ ಎಂದು ನನಗೇ ಗೊತ್ತಾಗುತ್ತಿಲ್ಲ. ನುಡಿಸುತ್ತಿರುವವನು ನಾನೇ ಅಲ್ವಾ! ಹಿರಿಯರು ಏನೂ ಹೇಳಲಿಲ್ಲ, ಸುಮ್ನೆ ನನ್ನ ಮುಖ ನೋಡಿದರು.

ವಾಪಸ್ ಹೋಗಿ ಮೂರು ಕೆಲಸ ಮಾಡಿದೆವು. ಆಂಪ್ ಮೂಲೆಯಲ್ಲಿತ್ತು, ಅದನ್ನು ಮುಂದಕ್ಕೆ ಎಳೆದೆವು. ಗೋಡೆಗಳು ಸೇರುವ ಮೂಲೆಯಲ್ಲಿ ಇಟ್ಟರೆ ತಗ್ಗಿನ ಸದ್ದು ಇದ್ದದ್ದಕ್ಕಿಂತ ಜಾಸ್ತಿ ಉಬ್ಬುತ್ತದೆ. ಆಮೇಲೆ ಆಂಪ್ ಅನ್ನು ಗಟ್ಟಿ ಸ್ಟೂಲ್ ಮೇಲೆ ಏರಿಸಿದೆವು. ಅಲ್ಲಿಯ ತನಕ ಸ್ಪೀಕರ್ ನನ್ನ ಮೊಣಕಾಲಿಗೆ ಹಾಡುತ್ತಿತ್ತು. ತಗ್ಗಿನ ಸದ್ದು ಎಲ್ಲಾ ಕಡೆ ಹರಡುತ್ತದೆ, ಆದರೆ ಸ್ವರವನ್ನು ಬಿಡಿಸಿ ಹೇಳುವ ಮೇಲಿನ ಭಾಗ ಹೆಚ್ಚಾಗಿ ನೇರ ಮುಂದಕ್ಕೆ ಹೋಗುತ್ತದೆ. ಕಿವಿಯ ಕಡೆಗೆ ತಿರುಗಿಸದಿದ್ದರೆ ಅದು ಸಿಗುವುದಿಲ್ಲ. ಕೊನೆಗೆ ಬೇಸ್ ನಾಬ್ ಅನ್ನು ನಡುವಿಗೆ ಇಳಿಸಿ, ಮಿಡ್ ಅನ್ನು ನಡುವಿಗಿಂತ ಸ್ವಲ್ಪ ಮೇಲೆ ತಂದೆವು. ವಾಲ್ಯೂಮ್ ಮೊದಲಿಗಿಂತ ಕಡಿಮೆಯೇ ಇತ್ತು. ಡ್ರಮ್ಸ್‌ನವನು ತಲೆ ಆಡಿಸಿದ.

ಇದರ ಕಾರಣ ನನಗೆ ಆಮೇಲೆ ಓದಿ ಗೊತ್ತಾಯಿತು. ನಾಲ್ಕು ತಂತಿಯ ಬೇಸ್‌ನ ದಪ್ಪ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದೆ. ಗಾಳಿಯಲ್ಲಿ ಆ ಅಲೆಯ ಉದ್ದ 8 ಮೀಟರ್‌ಗೂ ಜಾಸ್ತಿ. ಅಷ್ಟು ತಗ್ಗಿನ ಸದ್ದಿಗೆ ನಮ್ಮ ಕಿವಿ ಮಂದ. ನಾವು ಬೇಸ್‌ನ ಸ್ವರವನ್ನು ಗುರುತು ಹಿಡಿಯುವುದು ಬಹುಪಾಲು ಅದರ ಜೊತೆಗೆ ಹುಟ್ಟುವ ಮೇಲಿನ ಕಂಪನಗಳಿಂದ. ಪರೀಕ್ಷೆ ಮಾಡಬೇಕಾದರೆ ನಿಮಗೆ ಇಷ್ಟವಾದ ಹಾಡನ್ನು ಫೋನ್ ಸ್ಪೀಕರ್‌ನಲ್ಲಿ ಹಾಕಿ. ಆ ಪುಟ್ಟ ಸ್ಪೀಕರ್‌ಗೆ 41 ಹರ್ಟ್ಸ್ ಹೊರಡಿಸುವ ಶಕ್ತಿಯೇ ಇಲ್ಲ. ಆದರೂ ಬೇಸ್ ಏನು ನುಡಿಸುತ್ತಿದೆ ಎಂದು ಗೊತ್ತಾಗುತ್ತದೆ. ಇಲ್ಲದ ಸ್ವರವನ್ನು ಮೇಲಿನ ಕಂಪನಗಳಿಂದ ಮೆದುಳು ತಾನೇ ಕಟ್ಟಿಕೊಳ್ಳುತ್ತದೆ. ಮಿಡ್ ತೆಗೆದುಬಿಟ್ಟರೆ ಆ ಗುರುತೇ ಹೋದಂತೆ.

ಇನ್ನು ವಾಟ್ ಎರಡರಷ್ಟು ಮಾಡಿದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಗಮನ ಕೊಟ್ಟು ಕೇಳಿದರೆ ಗೊತ್ತಾಗುವಷ್ಟು. ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತರಷ್ಟು ವಾಟ್ ಬೇಕು. 100 ವಾಟ್ ಮಾರಿ 200 ವಾಟ್ ತಂದ ಹುಡುಗ ಅದೇ ಸೆಟ್ಟಿಂಗ್‌ನಲ್ಲಿ ನುಡಿಸಿದರೆ ಪಾಪ, ಅವನ ಬೇಸ್ ಆಗಲೂ ಕೇಳಿಸುವುದಿಲ್ಲ. ಹಾಗೆಂದು ವಾಟ್ ಬೇಡವೇ ಬೇಡ ಎಂದಲ್ಲ. ಮನೆಯಲ್ಲಿ ಅಭ್ಯಾಸ ಮಾಡುವ 20, 30 ವಾಟ್‌ನ ಆಂಪ್ ಅನ್ನು ಡ್ರಮ್ಸ್ ಪಕ್ಕ ಇಟ್ಟರೆ ಧ್ವನಿ ಒಡೆಯುತ್ತದೆ. ನನ್ನದು 300 ವಾಟ್, ಎಲ್ಲಾ ಕಡೆ ಸಾಕಾಗಿದೆ. 1969ರಲ್ಲಿ ಆಂಪೆಗ್ ಕಂಪನಿ ದೊಡ್ಡ ವೇದಿಕೆಗಳಿಗೆಂದು ಎಸ್‌ವಿಟಿ ಎಂಬ ಭಾರೀ ಟ್ಯೂಬ್ ಆಂಪ್ ತಂದಾಗ ಅದೂ 300 ವಾಟ್‌ನದ್ದೇ. ಈಗ ದೊಡ್ಡ ಸಭೆಯಲ್ಲಿ ಜನರಿಗೆ ಕೇಳಿಸುವುದು ಸಭೆಯ ಕಡೆಗೆ ಇಟ್ಟ ದೊಡ್ಡ ಪಿಎ ಸ್ಪೀಕರ್‌ಗಳಿಂದ. ಡಿಐ ಬಾಕ್ಸ್ (ವಾದ್ಯದ ಸಿಗ್ನಲ್ಲನ್ನು ಮಿಕ್ಸರ್‌ಗೆ ಹೊಂದಿಸುವ ಪುಟ್ಟ ಪೆಟ್ಟಿಗೆ) ಮೂಲಕ ಬೇಸ್ ನೇರ ಮಿಕ್ಸರ್‌ಗೆ ಹೋಗುತ್ತದೆ, ಆಂಪ್ ಇರುವುದು ನಮ್ಮ ಕಿವಿಗೆ. ಗುಂಯ್ ಬಂದರೆ ಡಿಐ ಮೇಲಿರುವ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ ನೋಡಿ. ಪ್ಲಗ್‌ನ ಅರ್ಥ್ ಪಿನ್ ಮಾತ್ರ ಯಾವ ಕಾರಣಕ್ಕೂ ಕೀಳಬೇಡಿ, ಜೀವಕ್ಕೆ ಅಪಾಯ.

ಲೇಖನದಲ್ಲಿ ಕೈ ಬಗ್ಗೆ ಬರೀ ಎರಡು ಸಾಲು ಇತ್ತು. ನನಗೆ ಬೇಸರವಾಗಿದ್ದು ಅದಕ್ಕೇ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಸ್ಟುಡಿಯೋದಲ್ಲಿ ಬೇಸ್ ನುಡಿಸುತ್ತಿದ್ದ ಜೇಮ್ಸ್ ಜೇಮರ್‌ಸನ್ ಬಲಗೈಯ ತೋರುಬೆರಳು ಒಂದರಲ್ಲೇ ತಂತಿ ಮೀಟುತ್ತಿದ್ದರು. ತಂತಿಗಳನ್ನು ಬದಲಾಯಿಸುತ್ತಿದ್ದುದೂ ಅಪರೂಪ. ಆ ಸ್ಟುಡಿಯೋದಲ್ಲಿ ಬೇಸ್ ನೇರ ಮಿಕ್ಸರ್‌ಗೆ ಹೋಗುತ್ತಿತ್ತು. ಅಂಥ ಧ್ವನಿ ಬೆರಳಿನಿಂದ ಬಂದದ್ದು.

ಹೊಸಬರು ಬೇಸ್ ಹಿಡಿದ ಕೂಡಲೇ ಜೋರಾಗಿ ಮೀಟುತ್ತಾರೆ. ತಂತಿ ಹೋಗಿ ಫ್ರೆಟ್‌ಗಳಿಗೆ (ಗಿಟಾರಿನ ಕುತ್ತಿಗೆಯ ಮೇಲಿನ ಲೋಹದ ಪಟ್ಟಿಗಳಿಗೆ) ಬಡಿಯುತ್ತದೆ. ಟಕ್ ಎಂಬ ಸದ್ದು ಬಂದು ಸ್ವರ ಬೇಗ ಸಾಯುತ್ತದೆ. ಮೆಲ್ಲಗೆ ಮೀಟಿ, ಬೇಕಿದ್ದರೆ ಆಂಪ್ ಅನ್ನು ಸ್ವಲ್ಪ ಏರಿಸಿ. ಬೆರಳು ತಂತಿಯನ್ನು ದಾಟಿ ಪಕ್ಕದ ತಂತಿಯ ಮೇಲೆ ಬಂದು ಕೂರಲಿ. ತಂತಿಗಳ ಕೊನೆ ಕೂರುವ ಬ್ರಿಡ್ಜ್ ಹತ್ತಿರ ಮೀಟಿದರೆ ಧ್ವನಿ ಬಿಗಿ, ಕುತ್ತಿಗೆಯ ಹತ್ತಿರ ಮೀಟಿದರೆ ದುಂಡಗೆ. ಯಾವ ನಾಬ್‌ಗಿಂತಲೂ ಬೇಗ ಕೈಗೆ ಸಿಗುವ ಟೋನ್ ಕಂಟ್ರೋಲ್ ಅದು.

ಇನ್ನೊಂದು ವಿಷಯ, ಸುಮ್ಮನಿರಬೇಕಾದ ತಂತಿಗಳು. ನನ್ನ ಎಲ್ಲಾ ವಿದ್ಯಾರ್ಥಿಗಳಿಗೂ ಮೊದಲ ತಿಂಗಳು ಇದನ್ನು ಮಾಡಿ ತೋರಿಸುತ್ತೇನೆ. ಡಿ ತಂತಿಯ 7ನೇ ಫ್ರೆಟ್ ಒತ್ತಿ ಒಂದು ಸಲ ಮೀಟಿ. ಎರಡು ಎಣಿಸಿ. ಎಡಗೈ ಬೆರಳನ್ನು ಸಡಿಲ ಬಿಟ್ಟು, ತಂತಿಯ ಮೇಲಿಂದ ಎತ್ತದೆ, ಸ್ವರ ನಿಲ್ಲಿಸಿ. ಈಗ ಕೇಳಿ. ಪೂರ್ತಿ ನಿಶ್ಶಬ್ದ ಆಗುವುದಿಲ್ಲ. ಯಾರೂ ಮುಟ್ಟದ ಎ ತಂತಿ ಒಳಗೊಳಗೇ ಹಾಡುತ್ತಿರುತ್ತದೆ. ನೀವು ಮೀಟಿದ್ದು ಅದರ ಮೇಲಿನ ಸಪ್ತಕದ ಅದೇ ಸ್ವರ, ಹಾಗಾಗಿ ತಾನೂ ಎದ್ದುಬಿಡುತ್ತದೆ. ಪೂರ್ತಿ ಹಾಡಿನಲ್ಲಿ ಹೀಗೆ ಎರಡು ಮೂರು ತಂತಿ ಗುನುಗುತ್ತಾ ಇದ್ದರೆ ಅದೇ ಮಬ್ಬು, ಅದೇ ಗುಡುಗುಡು. ಅದಕ್ಕೆ ಬಲಗೈ ಹೆಬ್ಬೆರಳನ್ನು ಪಿಕಪ್ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಭಾಗ) ಮೇಲೆ ಊರಿ ಅಲ್ಲೇ ಬಿಡಬೇಡಿ. ತೆಳು ತಂತಿಗಳ ಕಡೆಗೆ ಹೋದಾಗ ಹೆಬ್ಬೆರಳೂ ಜಾರಿಕೊಂಡು ಬಂದು, ಬಿಟ್ಟುಬಂದ ದಪ್ಪ ತಂತಿಗಳ ಮೇಲೆ ಒರಗಲಿ. ಇಷ್ಟು ಕಲಿತ ಹುಡುಗರ ಧ್ವನಿ ಕೇಳಿ ಅವರ ಬ್ಯಾಂಡಿನವರೇ 'ಹೊಸ ಆಂಪಾ?' ಎಂದು ವಿಚಾರಿಸಿದ್ದಿದೆ.

ಎಡಗೈ ಬಗ್ಗೆ ಕಾಳಜಿಯಿಂದ ಹೇಳುತ್ತಿದ್ದೇನೆ. ಒಂದು ಫ್ರೆಟ್‌ಗೆ ಒಂದು ಬೆರಳು ಎಂದು ಎಲ್ಲಾ ಕಡೆ ಹೇಳುತ್ತಾರೆ. ಮಾಮೂಲಿ 34 ಇಂಚಿನ ಬೇಸ್‌ನಲ್ಲಿ 1ರಿಂದ 4ನೇ ಫ್ರೆಟ್ ತನಕ ಸುಮಾರು 13 ಸೆಂಟಿಮೀಟರ್ ಅಂತರ ಇದೆ. ಸಣ್ಣ ಕೈಯವರು ಅಲ್ಲಿ ನಾಲ್ಕು ಬೆರಳು ಹಿಗ್ಗಿಸಿದರೆ ಮಣಿಕಟ್ಟು ಬಾಗುತ್ತದೆ, ನೋವು ಶುರುವಾಗುತ್ತದೆ. ನಿಮ್ಮ ಪುಟ ತಂದಿದ್ದ ಹುಡುಗಿಗೂ ಹಾಗೇ ಆಗಿತ್ತು. ನನಗೆ ಹೇಳದೆ ಎರಡು ವಾರ ನೋವು ನುಂಗಿಕೊಂಡಿದ್ದಳು. ಡಬಲ್ ಬೇಸ್ (ನೆಟ್ಟಗೆ ನಿಲ್ಲಿಸಿ ನುಡಿಸುವ, ಪಿಟೀಲಿನಂಥ ದೊಡ್ಡ ವಾದ್ಯ) ನುಡಿಸುವವರ ಹಾಗೆ ತೋರುಬೆರಳು, ನಡುಬೆರಳು, ಕಿರುಬೆರಳು ಮಾತ್ರ ಬಳಸಿ, ಮೂರೇ ಫ್ರೆಟ್ ಹಿಡಿದು, ಕೈಯನ್ನೇ ಆಚೀಚೆ ಸರಿಸುವುದನ್ನು ಹೇಳಿಕೊಟ್ಟೆ. ಉಂಗುರ ಬೆರಳು ಕಿರುಬೆರಳಿಗೆ ಆಸರೆ. ಬೆಲ್ಟ್ ಎತ್ತರಿಸಿ, ಕೂತಾಗಲೂ ನಿಂತಾಗಲೂ ಬೇಸ್ ಒಂದೇ ಎತ್ತರಕ್ಕೆ ಬರುವಂತೆ ಮಾಡಿದೆ. ನೋವು ಹೋಯಿತು. ಇಷ್ಟು ಮಾಡಿದರೂ ನೋವು ಉಳಿದರೆ ನುಡಿಸುವುದು ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಬೇಕು.

ಹೊಸ ಆಂಪ್‌ಗೆ ಮೊದಲು ಹೊಸ ತಂತಿ ಹಾಕಿಸಿ, ಒಳ್ಳೆಯ ರಿಪೇರಿಯವರ ಹತ್ತಿರ ಒಮ್ಮೆ ಸೆಟಪ್ ಮಾಡಿಸಿ, ಅಂದರೆ ತಂತಿಗಳ ಎತ್ತರ, ಶ್ರುತಿ ಸರಿ ಮಾಡಿಸಿ. 12ನೇ ಫ್ರೆಟ್‌ನಲ್ಲಿ ಒತ್ತಿದ ಸ್ವರ ಮತ್ತು ಅಲ್ಲೇ ತಂತಿಯನ್ನು ಮೆಲ್ಲಗೆ ಮುಟ್ಟಿ ಮೀಟಿದ ಹಾರ್ಮೋನಿಕ್ ಟ್ಯೂನರ್‌ನಲ್ಲಿ ಒಂದೇ ಕಡೆ ತೋರಿಸಬೇಕು. ಬ್ಯಾಟರಿ ಇರುವ ಆ್ಯಕ್ಟಿವ್ ಬೇಸ್ ಆದರೆ ನುಡಿಸಿದ ಮೇಲೆ ಕೇಬಲ್ ಕಳಚಿಡಿ, ಸಿಕ್ಕಿಸಿಟ್ಟಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತದೆ.

ಕಿವಿಯ ಮಾತು ಲೇಖನದಲ್ಲಿ ಇರಲೇ ಇಲ್ಲ. ಬೇಸ್‌ನವರು ನಿಲ್ಲುವುದು ಡ್ರಮ್ಸ್ ಪಕ್ಕ. 22 ವರ್ಷ ಸಿಂಬಲ್ ಕಡೆಗಿದ್ದ ನನ್ನ ಎಡಗಿವಿಯಲ್ಲಿ ಈಗ ರಾತ್ರಿ ಮಲಗಿದಾಗಲೂ ಸಣ್ಣಗೆ ಕೀ ಎನ್ನುತ್ತದೆ. ಅದು ನಿಲ್ಲುವುದಿಲ್ಲ. 85 ಡೆಸಿಬೆಲ್ ಸದ್ದಿನಲ್ಲಿ 8 ಗಂಟೆ ಇರಬಹುದು, ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧ ಆಗುತ್ತದೆ ಎಂಬುದು ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಷ್ ಸಂಸ್ಥೆಯ ಲೆಕ್ಕ. 100 ಡೆಸಿಬೆಲ್ ಆದರೆ ಕಾಲು ಗಂಟೆ ಮಾತ್ರ. ರಿಹರ್ಸಲ್ ಕೋಣೆಯಲ್ಲಿ ಡ್ರಮ್ಸ್ ಪಕ್ಕ ಅಷ್ಟಾಗುವುದು ಕಷ್ಟವೇನಲ್ಲ. ಸಂಗೀತಗಾರರಿಗೆಂದೇ ಮಾಡಿದ ಇಯರ್‌ಪ್ಲಗ್ ಸಿಗುತ್ತವೆ. ದಯವಿಟ್ಟು ಮೊದಲ ದಿನದಿಂದಲೇ ಹಾಕಿಕೊಳ್ಳಿ.

ಸಂಪಾದಕರಲ್ಲಿ ಒಂದೇ ಕೋರಿಕೆ. ಈ ಪತ್ರ ಪೂರ್ತಿ ಹಾಕಲು ಜಾಗ ಇಲ್ಲದಿದ್ದರೂ ಪರವಾಗಿಲ್ಲ. ಸ್ಪೀಕರ್ ಕೇಬಲ್ ಬಗ್ಗೆ ಮುಂದಿನ ಭಾನುವಾರ ಅದೇ ಪುಟದಲ್ಲಿ ತಿದ್ದುಪಡಿ ಹಾಕಿ. ನನ್ನ ವಿದ್ಯಾರ್ಥಿನಿಯ ಪುಟದಲ್ಲಿ ಆ ಸಾಲನ್ನು ನಾನೇ ಪೆನ್ನಿನಿಂದ ಹೊಡೆದು ಹಾಕಿದ್ದೇನೆ. ಅದನ್ನು ಕತ್ತರಿಸಿ ಇಟ್ಟುಕೊಂಡ ಬೇರೆ ಹುಡುಗರೂ ಇರುತ್ತಾರೆ.

ಇಂತಿ,
ಒಬ್ಬ ಬೇಸ್ ಗಿಟಾರ್ ಶಿಕ್ಷಕ