ಘಟ್ಟದ ಮೇಲಿನ ಗೆಳೆಯನಿಗೆ, ಸುಣ್ಣದ ವಿಷಯ

ಮಾರಾಯ,

ತೋಟಕ್ಕೆ ಔಷಧಿ ಹೊಡೆದು ಮುಗಿಯಿತಾ? ನೀನು ಫೋನ್ ಎತ್ತುವುದಿಲ್ಲ, ಅದಕ್ಕೆ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

2024ರಲ್ಲಿ ಅಘನಾಶಿನಿ ಅಳಿವೆ ರಾಮ್‌ಸಾರ್ ಅನ್ನುವ ಜಗತ್ತಿನ ಜೌಗುಭೂಮಿಗಳ ಪಟ್ಟಿಗೆ ಸೇರಿತಲ್ಲ, ಆಮೇಲೆ ಕುಮಟೆಗೆ ಬಂದ ನೆಂಟರಿಗೆಲ್ಲ ನನ್ನದು ಸುಣ್ಣದ ಭಾಷಣ. ನಿಮ್ಮ ಶಿರಸಿಯ ಶಂಕರಹೊಂಡದ ನೀರು ಇಲ್ಲಿ ಉಪ್ಪುನೀರಿಗೆ ಬೆರೆಯುತ್ತದೆ, ಆ ಕೆಸರಲ್ಲಿ ಬಳಚು ಅನ್ನುವ ಚಿಪ್ಪುಜೀವಿ ಬೆಳೆಯುತ್ತದೆ. ಮಾಂಸ ಸಾರಿಗೆ, ಚಿಪ್ಪು ಸುಣ್ಣ ಸುಡುವ ಗೂಡಿಗೆ. ಚಿಪ್ಪು, ಇದ್ದಿಲು, ಮತ್ತೆ ಚಿಪ್ಪು ಅಂತ ಪದರ ಹಾಕಿ ಸುಡುವುದು. 900 ಡಿಗ್ರಿ ಹತ್ತಿರ ಬಿಸಿಯಾಗಬೇಕು. ಚಿಪ್ಪು ಶುದ್ಧವಿದ್ದರೆ 100 ಕೆಜಿಯಲ್ಲಿ 44 ಕೆಜಿ ಗಾಳಿಗೆ ಹೋಗಿ 56 ಉಳಿಯುತ್ತದೆ. ನೀರು ಚಿಮುಕಿಸಿದರೆ ಬುಸುಗುಟ್ಟಿ ಪುಡಿಯಾಗುತ್ತದೆ. ಚಿರೆಕಲ್ಲಿನ ಗೋಡೆಗೆ ಗಾರೆ ಅದೇ, ಎಲೆಯಡಕೆಯ ಕವಳಕ್ಕೂ ಅದೇ. ದೇವಿಮನೆ ಘಟ್ಟ ಹತ್ತಿ ನಿಮ್ಮ ಅಡಕೆಯ ಕೊಳೆರೋಗದ ಔಷಧಿಗೂ ಅದೇ: 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಹೊಳೆ ಇಳಿಸಿದ್ದನ್ನು ಲಾರಿ ಹತ್ತಿಸುತ್ತದೆ. ಈ ಸಾಲಿಗೆ ನೆಂಟರು ಚಪ್ಪಾಳೆ ತಟ್ಟುತ್ತಾರೆ, ಸುಳ್ಳಲ್ಲ.

ಮೊನ್ನೆ ಒಬ್ಬಳು ಹುಡುಗಿ ಕೇಳಿದಳು, 'ಗೂಡು ಸುಡುತ್ತಿದ್ದವರು ಯಾರು?' ಮಾತು ತೇಲಿಸಿದೆ. ಗೊತ್ತಿರಲಿಲ್ಲ ಅಂತಲ್ಲ. ನಮಗೆ ಸುಣ್ಣ ತರುತ್ತಿದ್ದವಳು ಅಂಗಳದ ತುದಿಯಲ್ಲೇ ನಿಲ್ಲುತ್ತಿದ್ದಳು. ಸುಣ್ಣ ಸುಟ್ಟು ಅವಳ ಬೆರಳೆಲ್ಲ ಬಿರಿದಿತ್ತು. ಅವಳಿಗೆ ಕವಳ ಕೊಡುವಾಗ ಎಲೆ, ಅಡಕೆ ಎಲ್ಲ ಮೇಲಿನಿಂದ. ಸುಣ್ಣವಂತೂ ಕಡ್ಡಿಯ ತುದಿಯಿಂದ. ಅವಳೇ ಸುಟ್ಟು, ಅವಳೇ ಹೊತ್ತು ತಂದ ಸುಣ್ಣ! ಕಡ್ಡಿಯ ಕೆಲಸ ಎಷ್ಟೋ ಸಲ ನನ್ನದು. ಕೈ ತಾಗದ ಹಾಗೆ ಸರಿಯಾಗಿ ಎಲೆಯ ಮಧ್ಯಕ್ಕೆ ಬೀಳಿಸಿದರೆ ಅಜ್ಜಿ 'ಜಾಣ' ಅನ್ನುತ್ತಿದ್ದಳು. ನನಗೆ ಖುಷಿಯಾಗುತ್ತಿತ್ತು, ಕಣೋ. ಸುಣ್ಣದವಳು ನಗುತ್ತಿದ್ದಳು. ಆ ನಗೆ ಎಂಥದ್ದು ಅಂತ ಈಗ ಯೋಚಿಸಿದರೆ ನಿದ್ದೆ ಬರುವುದಿಲ್ಲ. ಅದೇ ಸುಣ್ಣ ಬಳಿದ ಗೋಡೆಯ ಫೋಟೋ ಹಾಕಿ 'ನಮ್ಮ ಹಿರಿಯರ ಮನೆ' ಅಂತ ಬರೆದವನು ನಾನು. ನೀನೂ ಹೃದಯ ಒತ್ತಿದ್ದೆ.

ಇಷ್ಟು ಬರೆಯಬೇಕು ಅಂತ ಇರಲಿಲ್ಲ. ಸುಮ್ನೆ ಶುರುಮಾಡಿದ್ದು. ಅಳಿಸಬಹುದಿತ್ತು, ಆದರೆ ಅಳುವ ಪೋಸ್ಟಿಗೇ ಲೈಕು ಜಾಸ್ತಿ ಅಂತ ನಿನ್ನದೇ ಸಂಶೋಧನೆ ಅಲ್ವಾ?

ಔಷಧಿಗೆ ಚಿಪ್ಪುಸುಣ್ಣ ಬೇಕಾದರೆ ಹೇಳು, ಕೊಡಿಸುತ್ತೇನೆ. ಊರವರಿಗೆ ಒಂದು ರೇಟು, ನಿನಗೆ ಒಂದು. ನಿನ್ನದು ಜಾಸ್ತಿ.