ಆ ರಾತ್ರಿಯ ಸಿಸ್ಟರ್‌ಗಳಿಗೆ, ಬ್ರದರ್‌ಗೆ

ನನ್ನ ತಮ್ಮ ಊರುಗೋಲು ಬಿಟ್ಟ. ಮೊನ್ನೆ ಮನೆಯಿಂದ ಬಸ್‌ಸ್ಟ್ಯಾಂಡ್‌ವರೆಗೂ ಒಬ್ಬನೇ ನಡೆದು ಹೋಗಿ ಮಂಡಕ್ಕಿ, ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದ. ಸ್ವಲ್ಪ ಕುಂಟುತ್ತಾನೆ. ಅದೂ ಹೋಗುತ್ತದೆ ಅಂದಿದ್ದಾರೆ ಡಾಕ್ಟರು. ಫೋನ್ ಮಾಡಿ ವಿಚಾರಿಸಿದವರಿಗೆ, ರಕ್ತ ಕೊಟ್ಟ ಹುಡುಗರಿಗೆ, ಬುತ್ತಿ ತಂದವರಿಗೆ ಥ್ಯಾಂಕ್ಸ್ ಹೇಳಿ ಆಗಿದೆ. ಆಪರೇಷನ್ ಮಾಡಿದ ಡಾಕ್ಟರಿಗೆ ಅಮ್ಮ ಹೋಳಿಗೆ ಮಾಡಿಕೊಂಡು ಹೋಗಿ ಕೊಟ್ಟು ಬಂದಳು. ಉಳಿದವರು ಎಮರ್ಜೆನ್ಸಿಯ ನರ್ಸ್‌ಗಳು. ಡಿಸ್ಚಾರ್ಜ್ ಕಾಗದದಲ್ಲಿ ಮೂಳೆ ಡಾಕ್ಟರ ಹೆಸರಿದೆ, ಅರಿವಳಿಕೆ ಡಾಕ್ಟರ ಹೆಸರಿದೆ, ಇವರ ಹೆಸರು ಎಲ್ಲೂ ಇಲ್ಲ. ಬರೆಯುತ್ತೇನೆ ಅಂದರೆ, "ನಮ್ಮ ಹೆಸರು, ಆಸ್ಪತ್ರೆ ಹೆಸರು ಹಾಕಬೇಡಿ ಮೇಡಂ. ಅವತ್ತು ಬೇರೆಯವರು ಡ್ಯೂಟಿಯಲ್ಲಿದ್ದಿದ್ದರೂ ಇದನ್ನೇ ಮಾಡುತ್ತಿದ್ದರು" ಅಂದರು ಹಿರಿಯ ಸಿಸ್ಟರ್. ಸರಿ, ಹೆಸರು ಬೇಡ. ಆದರೆ ಮಾಡಿದ್ದನ್ನು ಬರೆಯುತ್ತೇನೆ. ಅದಕ್ಕೆ ಅವರು ಬೇಡ ಅಂದಿಲ್ಲ.

ಆಗಿದ್ದು ಇಷ್ಟು. ಅಕ್ಟೋಬರ್ ಕೊನೆ, ನಮ್ಮ ಕಡೆ ಮೆಕ್ಕೆಜೋಳದ ಕಾಲ. ಕಣ ಇಲ್ಲದವರು ಸರ್ವಿಸ್ ರಸ್ತೆಯಲ್ಲೇ ಕಾಳು ಹರವುತ್ತಾರೆ. ಗಾಡಿ ಹತ್ತಬಾರದು ಅಂತ ಸುತ್ತ ಕಲ್ಲಿಡುತ್ತಾರೆ. ಕಾಳು ತುಂಬಿಕೊಂಡು ಹೋಗುವಾಗ ಕಲ್ಲು ಮಾತ್ರ ಅಲ್ಲೇ ಬಿಟ್ಟಿರುತ್ತಾರೆ. ಪ್ರತಿ ವರ್ಷದ ಕಥೆ ಇದು. ನನ್ನ ತಮ್ಮ ದಾವಣಗೆರೆಯ ಬಟ್ಟೆ ಅಂಗಡಿಯಲ್ಲಿ ಕೆಲಸ ಮುಗಿಸಿ ಬೈಕಲ್ಲಿ ಊರಿಗೆ ಹೊರಟಿದ್ದ. ಭರಮಸಾಗರದ ಹತ್ತಿರ ಅಂಥದ್ದೊಂದು ಕಲ್ಲಿಗೆ ಬಡಿದು ಬಿದ್ದ. ತೊಡೆಮೂಳೆ ಮುರಿಯಿತು. ಹೆಲ್ಮೆಟ್ ಇದ್ದರೂ ತಲೆಗೆ ಪೆಟ್ಟು.

ಹೆದ್ದಾರಿಯಲ್ಲಿ ಹೋಗುತ್ತಿದ್ದ ಈರುಳ್ಳಿ ಲಾರಿಯ ಡ್ರೈವರ್ ನಿಲ್ಲಿಸಿ 108ಕ್ಕೆ ಫೋನ್ ಮಾಡಿದ. ಸೇರಿದ ಜನ ಕೈಕಾಲು ಹಿಡಿದು ಎತ್ತಲು ಹೋದಾಗ ತಡೆದವನೂ ಅವನೇ ಅಂತೆ. ಆಂಬುಲೆನ್ಸ್ ಬಂದ ಮೇಲೆ ಹೆಸರೂ ಹೇಳದೆ ಹೊರಟುಹೋದ. ಹೇಳಬೇಕಾಗಿಯೂ ಇಲ್ಲ. ನೆರವಾದವರನ್ನು ಪೊಲೀಸರು, ಆಸ್ಪತ್ರೆಯವರು ಹೆಸರು, ವಿಳಾಸ ಕೊಡಲೇಬೇಕು ಅಂತ ಕಾಡುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಅಂತ ಸೇರಿಸಿ, ಅವರಿಗೆ ರಕ್ಷಣೆ ಕೊಟ್ಟಿದ್ದಾರೆ. ಅಣ್ಣಾ, ನೀವು ಎಲ್ಲಿದ್ದರೂ ನಮ್ಮ ಮನೆಯವರ ಲೆಕ್ಕದಲ್ಲಿ ಇದ್ದೀರಿ.

ನಾನು ಇರುವುದು ದಾವಣಗೆರೆಯಲ್ಲೇ. ಹಾಗಾಗಿ ಆಂಬುಲೆನ್ಸ್ ಬರುವ ಹೊತ್ತಿಗೆ ಆಸ್ಪತ್ರೆ ಬಾಗಿಲಲ್ಲಿದ್ದೆ. ರೋಗಿಯ ಜೊತೆ ಒಬ್ಬರೇ ಅಂದರು, ಒಳಗೆ ಹೋದವಳು ನಾನೇ. ಹೈಸ್ಕೂಲಲ್ಲಿ ವಿಜ್ಞಾನ ಪಾಠ ಮಾಡುವವಳು. ಕಂಡಿದ್ದನ್ನು ಸುಮ್ನೆ ಬಿಡುವ ಜಾಯಮಾನ ನನ್ನದಲ್ಲ. ಅವತ್ತು ಅರ್ಥವಾಗದ್ದನ್ನೆಲ್ಲ ಆಮೇಲೆ ಚೆಕಪ್‌ಗೆ ಹೋದಾಗ ಸಿಸ್ಟರ್‌ನ ಕೂರಿಸಿಕೊಂಡು ಕೇಳಿದ್ದೇನೆ. ಅವರ ಚಹಾ ಆರಿಹೋಯಿತು, ಪಾಪ.

ಸ್ಟ್ರೆಚರ್ ಒಳಗೆ ಬರುತ್ತಿದ್ದಂತೆ ಒಬ್ಬ ಸಿಸ್ಟರ್ ಬಗ್ಗಿ, "ಏನಪ್ಪಾ ನಿನ್ನ ಹೆಸರು?" ಅಂದರು. ಅವನು ನರಳುತ್ತಲೇ ಹೇಳಿದ. ನನಗೆ ಅದು ಸಮಾಧಾನದ ಮಾತು ಅನ್ನಿಸಿತ್ತು. ಅದು ಪರೀಕ್ಷೆಯಂತೆ. ದನಿ ಹೊರಟಿತು ಅಂದರೆ ಗಂಟಲು ಕಟ್ಟಿಲ್ಲ, ಉಸಿರಾಟ ಇದೆ, ಮಿದುಳಿಗೆ ರಕ್ತ ಹೋಗುತ್ತಿದೆ. ಒಂದು ಪ್ರಶ್ನೆಗೆ ಮೂರು ಉತ್ತರ. ಅಷ್ಟರಲ್ಲೇ ಅವನು ಕೆಂಪು ಅಂತ ತೀರ್ಮಾನವಾಯಿತು. ತಕ್ಷಣ ನೋಡಬೇಕಾದವರು ಕೆಂಪು, ಸ್ವಲ್ಪ ಕಾಯಬಹುದಾದವರು ಹಳದಿ, ನಡೆದಾಡುವವರು ಹಸಿರು. ಮೊದಲು ಬಂದವರಿಗೆ ಮೊದಲು ಅನ್ನುವ ಲೆಕ್ಕ ಅಲ್ಲಿಲ್ಲ. ಹೊರಗೆ ಬೆರಳು ಕೊಯ್ದುಕೊಂಡು ಬಂದವರೊಬ್ಬರು "ನಾವು ಆವಾಗಿಂದ ಕೂತಿದ್ದೀವಿ" ಅಂತ ಕೂಗಾಡುತ್ತಿದ್ದರು. ಅವರಿಗೂ ಸಿಟ್ಟಾಗದೆ ಉತ್ತರ ಕೊಟ್ಟವರು ನರ್ಸೇ.

ಆಮೇಲೆ ಎಲ್ಲ ಒಟ್ಟೊಟ್ಟಿಗೆ ನಡೆಯಿತು. ಒಬ್ಬರು ಆಕ್ಸಿಜನ್ ಹಾಕಿದರು. ಬ್ರದರ್ ಮೊಂಡು ಮೂತಿಯ ಕತ್ತರಿ ತಗೊಂಡು ಪ್ಯಾಂಟನ್ನು ಕೆಳಗಿಂದ ಸೊಂಟದವರೆಗೆ ಸರಸರ ಕತ್ತರಿಸಿದರು. ದೀಪಾವಳಿಗೆ ಅಂತ ತಗೊಂಡಿದ್ದ ಜೀನ್ಸ್ ಅದು. ತಮ್ಮ ಕಾಲಿಗಿಂತ ಜಾಸ್ತಿ ಅದಕ್ಕೇ ಈಗಲೂ ಕೊರಗುತ್ತಾನೆ. ಬಟ್ಟೆ ಪೂರ್ತಿ ತೆಗೆಯದೆ ಇದ್ದರೆ ಎಲ್ಲೋ ಒಂದು ಗಾಯ ಕಣ್ಣಿಗೆ ಬೀಳದೆ ಉಳಿದುಬಿಡುತ್ತದಂತೆ. ಎರಡೂ ಕೈಗೆ ಸೂಜಿ ಹಾಕಿದರು. ಜ್ವರಕ್ಕೆ ಗ್ಲೂಕೋಸ್ ಏರಿಸುವಾಗ ಸಾಮಾನ್ಯವಾಗಿ ನೋಡುವ ನೀಲಿ, ಗುಲಾಬಿ ಸೂಜಿಗಳಲ್ಲ ಅವು. ದಪ್ಪನೆಯ ಹಸಿರು ಬಣ್ಣದವು. ರಕ್ತ ಕೊಡಬೇಕಾಗಿ ಬಂದರೆ ಸಣ್ಣ ಸೂಜಿಯಲ್ಲಿ ಬೇಗ ಇಳಿಯುವುದಿಲ್ಲ. ಅದೇ ಚುಚ್ಚಿನಲ್ಲಿ ಗ್ರೂಪ್ ನೋಡಲು, ಕ್ರಾಸ್ ಮ್ಯಾಚ್ ಮಾಡಲು (ಕೊಡುವ ರಕ್ತ ಅವನ ರಕ್ತಕ್ಕೆ ಹೊಂದುತ್ತದಾ ಅಂತ ನೋಡಲು) ರಕ್ತವನ್ನೂ ತೆಗೆದುಕೊಂಡರು. ಬೆರಳಿನ ಉಂಗುರ ಸೋಪು ಹಚ್ಚಿ ಜಾರಿಸಿ ತೆಗೆದು, ನನ್ನ ಕೈಗೆ ಕೊಟ್ಟು ಸಹಿ ಹಾಕಿಸಿಕೊಂಡರು. ಕೈ ಊದಿಕೊಂಡ ಮೇಲೆ ಉಂಗುರ ಕತ್ತರಿಸಿಯೇ ತೆಗೆಯಬೇಕಾಗುತ್ತದೆ.

ಈ ಗಡಿಬಿಡಿಯಲ್ಲೂ ಒಂದು ಪ್ರಶ್ನೆ ಮತ್ತೆ ಮತ್ತೆ ಬಂತು. "ಬಿದ್ದಿದ್ದು ಎಷ್ಟೊತ್ತಿಗೆ? ಕರೆಕ್ಟಾಗಿ ಹೇಳಿ." 108ರ ಹುಡುಗನನ್ನು ಕೇಳಿದರು, ನನ್ನನ್ನು ಕೇಳಿದರು, ತಮ್ಮನ ಫೋನ್‌ನಲ್ಲಿ ಕೊನೆಯ ಕಾಲ್ ಯಾವಾಗ ಅಂತ ನೋಡಿಸಿದರು. ಪೊಲೀಸ್ ಕೇಸಿಗೆ ಇರಬೇಕು ಅಂದುಕೊಂಡೆ. ಎಂಎಲ್‌ಸಿಗೂ, ಅಂದರೆ ಪೊಲೀಸರಿಗೆ ತಿಳಿಸಲು ಆಸ್ಪತ್ರೆ ಬರೆದಿಡುವ ದಾಖಲೆಗೂ ಅದು ಬೇಕು, ನಿಜ. ಆದರೆ ಅವರ ಆತುರ ಬೇರೆ. ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಅನ್ನುವ ಔಷಧಿಯನ್ನು ಪೆಟ್ಟು ಬಿದ್ದ 3 ಗಂಟೆಯ ಒಳಗೆ ಕೊಡಬೇಕು. ಬೇಗ ಕೊಟ್ಟಷ್ಟೂ ಒಳ್ಳೆಯದು, ತಡವಾದರೆ ಕೆಡುಕೇ ಜಾಸ್ತಿ. 40 ದೇಶಗಳಲ್ಲಿ 20 ಸಾವಿರಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದ ದೊಡ್ಡ ಅಧ್ಯಯನದಿಂದ ಇದು ಗೊತ್ತಾಗಿದ್ದು, ಅಧ್ಯಯನ 2010ರಲ್ಲಿ, ಈ 3 ಗಂಟೆಯ ಲೆಕ್ಕ 2011ರಲ್ಲಿ ಪ್ರಕಟವಾಯಿತು ಅಂತ ಆಮೇಲೆ ಓದಿದೆ. ಡಾಕ್ಟರ್ ಹೇಳುವ ಹೊತ್ತಿಗೆ ಸಿಸ್ಟರ್ ಟೈಮು ಗಟ್ಟಿ ಮಾಡಿಕೊಂಡು, ಔಷಧಿ ಕೈಯಲ್ಲಿ ಹಿಡಿದು ನಿಂತಿದ್ದರು.

ಬೆನ್ನು ನೋಡಲು ಅವನನ್ನು ಹೊರಳಿಸಿದ ರೀತಿ ನನ್ನ ಕಣ್ಣಿಗೆ ಕಟ್ಟಿದೆ. ನಾಲ್ಕು ಜನ. ತಲೆ ಹಿಡಿದ ಸಿಸ್ಟರ್ ಎಲ್ಲರಿಗಿಂತ ಗಿಡ್ಡ, ವಯಸ್ಸಲ್ಲೂ ಚಿಕ್ಕವರು. ಆದರೆ ಅವರು ಎಣಿಸಿದಾಗಲೇ ಉಳಿದವರು ಅಲುಗಾಡಬೇಕು, ಡಾಕ್ಟರೂ ಅಷ್ಟೇ. "ಒಂದು, ಎರಡು, ಮೂರು" ಅಂದರು. ತಲೆ, ಭುಜ, ಸೊಂಟ, ಕಾಲು ಒಂದೇ ಸಲ ಹೊರಳಿದವು. ಕುತ್ತಿಗೆ ಒಂದಿಷ್ಟೂ ತಿರುಗಲಿಲ್ಲ. ಬೆನ್ನುಮೂಳೆಗೆ ಏನೂ ಆಗಿಲ್ಲ ಅಂತ ಖಾತ್ರಿಯಾಗುವವರೆಗೆ ಆಗಿದೆ ಅಂತಲೇ ನಡೆದುಕೊಳ್ಳಬೇಕು. ಲಾರಿ ಡ್ರೈವರ್ ಎತ್ತಬೇಡಿ ಅಂದಿದ್ದೂ ಅದಕ್ಕೇ ಅಲ್ವಾ. ನೋಡಿ ಆದ ತಕ್ಷಣ ಕಂಬಳಿ ಹೊದಿಸಿದರು. ಮೈ ತಣ್ಣಗಾದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಅವತ್ತೇನೂ ಅಂಥ ಚಳಿ ಇರಲಿಲ್ಲ. ರಕ್ತ ಕಳೆದುಕೊಂಡ ಮೈಗೆ ಚಳಿಗಾಲ ಬೇಕಾಗಿಲ್ಲ ಅಂದರು ಸಿಸ್ಟರ್.

ಇನ್ನು ನಾನು ಈ ಬರಹ ಬರೆಯಲು ನಿಜವಾದ ಕಾರಣ. ಮೊದಲ ಗದ್ದಲ ಇಳಿಯಿತು. ಡಾಕ್ಟರ್ ಪಕ್ಕದ ಬೆಡ್‌ಗೆ ಹೋದರು. ಬಿಪಿ ಸರಿ ಇದೆ ಅಂದಿದ್ದರು, ನಾನೂ ಉಸಿರು ಬಿಟ್ಟೆ. ಹಿರಿಯ ಸಿಸ್ಟರ್ ಮಾತ್ರ ಅವನನ್ನು ಬಿಟ್ಟು ಹೋಗಲಿಲ್ಲ. ಮಾನಿಟರ್ ಇದ್ದರೂ ಮಣಿಕಟ್ಟು ಹಿಡಿದು ನಾಡಿ ನೋಡಿದರು. ಉಗುರು ಒತ್ತಿ ಬಿಟ್ಟು, ಕೆಂಪು ವಾಪಸ್ ಬರಲು ಎಷ್ಟು ಹೊತ್ತಾಗುತ್ತದೆ ಅಂತ ನೋಡಿದರು. 2 ಸೆಕೆಂಡಿನಲ್ಲಿ ಬರಬೇಕು, ತಡವಾಗುತ್ತಿತ್ತು. ನಾಡಿ 100 ದಾಟಿತ್ತು, ನೋಡನೋಡುತ್ತಾ 120ರ ಹತ್ತಿರ ಬಂತು. ಬಿಪಿ ಇದ್ದಲ್ಲೇ ಇದೆ. ತೊಡೆ ಮುಟ್ಟಿದರು, ಬಿಗಿಯಾಗುತ್ತಿತ್ತು. ಕೂಡಲೇ ಡಾಕ್ಟರನ್ನು ಕರೆದು, "ಸರ್, ಒಳಗೇ ಬ್ಲೀಡ್ ಆಗ್ತಿದೆ, ಬ್ಲಡ್ ತರಿಸೋಣ" ಅಂದರು. ಡಾಕ್ಟರ್ ಬಂದರು, ನೋಡಿದರು, ಹೂಂ ಅಂದರು.

ಹರೆಯದ ಮೈ ಹಾಗೇ ಮೋಸ ಮಾಡುತ್ತದಂತೆ. ಬೋರ್‌ವೆಲ್ಲಿನಲ್ಲಿ ನೀರು ಇಳಿದರೂ ಮೋಟಾರು ಕೂಗಿಕೊಂಡು ಓಡಿ ನಲ್ಲಿಗೆ ನೀರು ಕೊಡುತ್ತದಲ್ಲ, ಹೃದಯವೂ ಜೋರಾಗಿ ಬಡಿದು ಬಿಪಿಯನ್ನು ಎತ್ತಿ ಹಿಡಿಯುತ್ತದೆ. ಬಿಪಿ ಬಿದ್ದಾಗ ನೋಡುತ್ತೇವೆ ಅಂದರೆ ಹೊತ್ತು ಮೀರಿರುತ್ತದೆ. ತೊಡೆಮೂಳೆ ಮುರಿದರೆ ಹೊರಗೆ ಒಂದು ಹನಿ ಕಾಣಿಸದೆ ಒಳಗೇ ಒಂದೂವರೆ ಲೀಟರ್‌ವರೆಗೆ ರಕ್ತ ಸೋರಬಹುದು. ದೊಡ್ಡವರ ಮೈಯಲ್ಲಿ ಇರುವುದೇ ಸುಮಾರು 5 ಲೀಟರ್. ಇದನ್ನು ಕೇಳಿದಾಗ ನನ್ನ ಕೈ ತಣ್ಣಗಾಯಿತು. ಮೂಳೆಗೆ ರಾಡ್ ಹಾಕಿದ ಡಾಕ್ಟರ್ ದೊಡ್ಡವರೇ. ಆದರೆ ಅವರ ಟೇಬಲ್ಲಿಗೆ ತಮ್ಮ ಜೀವಸಹಿತ ಮುಟ್ಟಿದ್ದು ಆ ಬೆರಳುಗಳಿಂದ.

ಇನ್ನೊಂದು ಸಣ್ಣ ವಿಷಯ. ಮುರಿದ ಕಾಲು ಅಲುಗಾಡದಂತೆ ಹಿಡಿಯುವ ಥಾಮಸ್ ಸ್ಪ್ಲಿಂಟ್ ಅನ್ನುವ ಚೌಕಟ್ಟು ಕಟ್ಟುವ ಮೊದಲು ಸಿಸ್ಟರ್ ಪಾದದ ಮೇಲೆ ಬೆರಳಿಟ್ಟು ಹುಡುಕಿದರು. ಸಿಕ್ಕ ಜಾಗಕ್ಕೆ ಪೆನ್ನಿನಿಂದ ಒಂದು ಇಂಟು ಮಾರ್ಕ್ ಹಾಕಿದರು. ಪಾದದ ನಾಡಿ ಬಡಿಯುವ ಜಾಗ ಅದು. ಮುಂದಿನ ಡ್ಯೂಟಿಯವರು ಹುಡುಕುತ್ತಾ ಕೂರಬಾರದು, ಅದೇ ಜಾಗ ಮುಟ್ಟಿ ನೋಡಬೇಕು ಅಂತ. ಸ್ಪ್ಲಿಂಟ್ ಕಟ್ಟಿದ ಮೇಲೂ ನೋಡಿದರು. ರಾತ್ರಿಯಿಡೀ ಯಾರಾದರೂ ಬಂದು ಆ ಇಂಟು ಮೇಲೆ ಬೆರಳಿಡುವುದು, ಹೆಬ್ಬೆರಳು ಆಡಿಸು ಅನ್ನುವುದು, ಚೀಟಿಯಲ್ಲಿ ಬರೆಯುವುದು ನಡೆದೇ ಇತ್ತು. ಬರೆಯದೇ ಇದ್ದರೆ ಮಾಡಿಲ್ಲ ಅಂತಲೇ ಲೆಕ್ಕ ಅನ್ನುತ್ತಾರೆ ಅವರು.

ಜೊತೆಗೆ ತಲೆಯ ಲೆಕ್ಕ ಬೇರೆ. ಕಣ್ಣು ಬಿಡುತ್ತಾನಾ, ಮಾತು ಸರಿ ಇದೆಯಾ, ಹೇಳಿದಂತೆ ಕೈಕಾಲು ಆಡಿಸುತ್ತಾನಾ. ಮೂರಕ್ಕೂ ಸೇರಿ 15 ಅಂಕ. ಏನೇ ಆದರೂ 3ಕ್ಕಿಂತ ಕೆಳಗೆ ಇಲ್ಲ. ಮೇಷ್ಟ್ರ ಮನೆಯವನಿಗೆ ಮೊದಲ ಸಲ 14 ಬಂತು. "ಎಲ್ಲಿದ್ದೀಯಪ್ಪಾ?" ಅಂದರೆ "ಜಗಳೂರು ಸಂತೆ" ಅಂದುಬಿಟ್ಟ. ಸಿಸ್ಟರ್ ನಗದೆ ಒಂದು ಅಂಕ ಕಳೆದು ಬರೆದುಕೊಂಡರು. ಟಾರ್ಚ್ ಬಿಟ್ಟು ಎರಡೂ ಕಣ್ಣಿನ ಪಾಪೆ ನೋಡಿದರು. ಕಾಲು ಗಂಟೆಗೊಮ್ಮೆ ಇದೇ ಪ್ರಶ್ನೆ. ನಡುರಾತ್ರಿ ದಾಟಿದ ಮೇಲೆ ಅವನೇ ಬೇಜಾರಾಗಿ, "ದಾವಣಗೆರೆ ಆಸ್ಪತ್ರೆ, ಎಷ್ಟ್ ಸಲ ಹೇಳ್ಲಿ?" ಅಂದ. ಆಗ ನಕ್ಕರು.

ಅಮ್ಮ ಊರಿಂದ ಬಂದವಳೇ ನೀರು ಕುಡಿಸುತ್ತೇನೆ ಅಂತ ಹಟ ಹಿಡಿದಳು. ಆಪರೇಷನ್ ಇರಬಹುದು, ವಾಂತಿಯಾಗಿ ಉಸಿರಿನ ದಾರಿಗೆ ಹೋದರೆ ಅಪಾಯ ಅಂತ ಹೇಳಿ, ಬ್ರದರ್ ಹತ್ತಿಬಟ್ಟೆ ಒದ್ದೆ ಮಾಡಿ ಅಮ್ಮನ ಕೈಗೇ ಕೊಟ್ಟರು. ಮಗನ ತುಟಿ ಒರೆಸಿದಳು. ಅವಳಿಗೂ ಒಂದು ಕೆಲಸ ಸಿಕ್ಕಿತು. "ಏನೂ ಆಗಲ್ಲ ಬಿಡಿ" ಅಂತ ಅವರ್ಯಾರೂ ಒಮ್ಮೆಯೂ ಹೇಳಲಿಲ್ಲ. ಈಗ ರಕ್ತ ಏರುತ್ತಿದೆ, ಇನ್ನು ಸ್ಕ್ಯಾನ್‌ಗೆ ಕರೆದೊಯ್ಯುತ್ತೇವೆ, ಹೀಗೆ ಇದ್ದಿದ್ದು ಇದ್ದಂಗೆ ಹೇಳುತ್ತಿದ್ದರು. ನನಗೆ ಧೈರ್ಯ ಬಂದಿದ್ದು ಅದರಿಂದಲೇ.

ಅವತ್ತೇ ಎದುರಿನ ಬೆಡ್‌ನಲ್ಲಿ ಒಬ್ಬರು ತೀರಿಕೊಂಡರು. ಮನೆಯವರನ್ನು ಒಳಗೆ ಬಿಡುವ ಮೊದಲು ಚಿಕ್ಕ ಸಿಸ್ಟರ್ ಅವರ ಮುಖ ಒರೆಸಿ, ಕೂದಲು ಸರಿ ಮಾಡಿದರು. ಹೊರಗೆ ಗಲಾಟೆಯಾಯಿತು. ಯಾರೋ ಕೈ ಎತ್ತಿದರು. ಆಸ್ಪತ್ರೆ ಸಿಬ್ಬಂದಿಯ ಮೇಲೆ ಕೈ ಮಾಡಿದರೆ ಜೈಲು ಅಂತ ನಮ್ಮ ರಾಜ್ಯದಲ್ಲಿ 2009ರಲ್ಲೇ ಕಾನೂನು ಬಂದಿದೆ, ಕೇಳುವವರು ಯಾರು? ಆ ಹುಡುಗಿ ಸಿಂಕ್ ಹತ್ತಿರ ಹೋಗಿ ಕೈ ತೊಳೆದು, ಒಂದು ಲೋಟ ನೀರು ಕುಡಿದು, ನೇರ ನಮ್ಮ ಬೆಡ್‌ಗೆ ಬಂದು "ಹೆಬ್ಬೆರಳು ಆಡಿಸಪ್ಪಾ" ಅಂದರು. ಸಂಬಳದ ಮಾತಾಡುವಾಗ, ನೈಟ್ ಡ್ಯೂಟಿಯಲ್ಲಿ ಎಷ್ಟು ಬೆಡ್‌ಗೆ ಎಷ್ಟು ಜನ ಅಂತ ತೀರ್ಮಾನ ಮಾಡುವಾಗ, ಆ ಒಂದು ಲೋಟ ನೀರಿನ ಹೊತ್ತನ್ನು ಯಾರಾದರೂ ಲೆಕ್ಕಕ್ಕೆ ಹಿಡಿಯುತ್ತಾರಾ?

ಸಿಸ್ಟರ್, ಬ್ರದರ್, ನಿಮ್ಮೆಲ್ಲರಿಗೂ, ರಕ್ತದ ಬ್ಯಾಗ್ ತರಲು ಓಡಿದ ಅಟೆಂಡರ್‌ಗೆ, ನೆಲ ಒರೆಸುತ್ತಲೇ ನನಗೆ ಕುರ್ಚಿ ಎಳೆದುಕೊಟ್ಟ ಆಯಾಗೆ ನಮ್ಮ ಮನೆಯವರೆಲ್ಲರ ನಮಸ್ಕಾರ. ಟಿಟಿ ಮುಂದಿನ ಡೋಸ್ ಮರೆಯಬೇಡಿ ಅಂದಿದ್ದಿರಿ, ಹಾಕಿಸಿದ್ದೇವೆ. ಮುಂದಿನ ಎಕ್ಸ್‌ರೇಗೆ ಬರುವಾಗ ಎಮರ್ಜೆನ್ಸಿಗೂ ಬಂದು ಹೋಗುತ್ತೇವೆ. ತಮ್ಮ ಮಹಡಿ ಮೆಟ್ಟಿಲು ಹತ್ತಿಯೇ ಮೂಳೆ ಡಾಕ್ಟರ ಹತ್ತಿರ ಹೋಗುತ್ತಾನಂತೆ, ಲಿಫ್ಟ್ ಬೇಡವಂತೆ. ಬೈದು ಲಿಫ್ಟ್ ಹತ್ತಿಸುವುದು ನಿಮಗೆ ಬಿಟ್ಟಿದ್ದು, ನನ್ನ ಮಾತು ಅವನು ಕೇಳುವುದಿಲ್ಲ.