ಮ್ಯಾಪ್ ನೋಡುವುದು ಗಾಡಿ ನಿಂತಾಗ ಮಾತ್ರ

ಮಾನ್ಯ ಸಂಪಾದಕರೇ,

ಶನಿವಾರ, ಭಾನುವಾರ ಬಂತೆಂದರೆ ಚಿಕ್ಕಬಳ್ಳಾಪುರದ ಸುತ್ತಮುತ್ತಲಿನ ರಸ್ತೆಗಳು ಹೊರ ಊರಿನ ವಾಹನಗಳಿಂದ ತುಂಬಿಹೋಗುತ್ತವೆ. ನಂದಿಬೆಟ್ಟ, ಭೋಗನಂದೀಶ್ವರ ದೇವಾಲಯ, ಸ್ಕಂದಗಿರಿ, ಆವಲಗುರ್ಕಿಯ ಆದಿಯೋಗಿ ಪ್ರತಿಮೆ ಇವುಗಳನ್ನು ನೋಡಲು ಬರುವವರು ಬರಲಿ, ಅವರಿಂದ ನಮ್ಮ ಭಾಗದ ಹೂವು, ದ್ರಾಕ್ಷಿ ಮಾರುವವರಿಗೂ ರಸ್ತೆ ಬದಿಯ ಹೋಟೆಲಿನವರಿಗೂ ನಾಲ್ಕು ಕಾಸು ಸಿಗುತ್ತದೆ. ನನ್ನ ಕಳವಳ ಬೇರೆ. ದಾರಿ ಗೊತ್ತಿಲ್ಲದ ಚಾಲಕರು ಓಡುತ್ತಿರುವ ಗಾಡಿಯಲ್ಲೇ ಫೋನ್ ಕೈಗೆತ್ತಿಕೊಂಡು ಮ್ಯಾಪ್ ಹುಡುಕುತ್ತಾರೆ. ಕೇಳಿದರೆ, ಮ್ಯಾಪ್ ನೋಡಲು ಕಾನೂನಿನಲ್ಲೇ ಅವಕಾಶವಿದೆ ಎನ್ನುತ್ತಾರೆ. ಈ ಮಾತಿನಲ್ಲಿ ಅರ್ಧದಷ್ಟೇ ನಿಜವಿದೆ.

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಬಂದಾಗ, ವಾಹನ ಓಡಿಸುತ್ತಾ ಕೈಯಲ್ಲಿ ಫೋನ್ ಹಿಡಿದು ಬಳಸುವುದನ್ನು 184ನೇ ಸೆಕ್ಷನ್ ಅಡಿಯಲ್ಲಿ ಅಪಾಯಕಾರಿ ಚಾಲನೆ ಎಂದು ಸ್ಪಷ್ಟವಾಗಿ ಸೇರಿಸಲಾಯಿತು. ಮೊದಲ ಸಲದ ತಪ್ಪಿಗೆ ಒಂದು ವರ್ಷದವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಲು ಅದರಲ್ಲಿ ಅವಕಾಶವಿದೆ. ಆಮೇಲೆ 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯು, ಇಂಥ ಸಾಧನವನ್ನು ದಾರಿ ತಿಳಿಯುವುದಕ್ಕೆ ಮಾತ್ರ, ಅದೂ ಚಾಲಕನ ಏಕಾಗ್ರತೆಗೆ ಭಂಗ ಬಾರದ ರೀತಿಯಲ್ಲಿ ಬಳಸಬಹುದು ಎಂದಿತು. ನಮ್ಮ ಜನ ನೆನಪಿಟ್ಟುಕೊಂಡಿದ್ದು ಈ ಅನುಮತಿಯನ್ನು ಮಾತ್ರ. ಅದರ ಜೊತೆಗೇ ಬಂದ ಷರತ್ತನ್ನು ಓದಿದವರು ಕಡಿಮೆ, ಪಾಲಿಸುವವರು ಇನ್ನೂ ಕಡಿಮೆ. ಸ್ಟೇರಿಂಗ್ ಮೇಲೆ ಒಂದೇ ಕೈ, ಇನ್ನೊಂದು ಕೈಯ ಹೆಬ್ಬೆರಳಿನಲ್ಲಿ ಊರಿನ ಹೆಸರು ಟೈಪ್ ಮಾಡುವುದು, ಎರಡು ಬೆರಳಿನಿಂದ ನಕ್ಷೆ ಹಿಗ್ಗಿಸುವುದು ಇವೆಲ್ಲ ಏಕಾಗ್ರತೆಗೆ ಭಂಗ ತರುವುದಿಲ್ಲ ಎಂದು ಯಾರೂ ಎದೆ ಮುಟ್ಟಿ ಹೇಳಲಾರರು.

ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ಪರದೆಯ ಕಡೆ ಎರಡು ಸೆಕೆಂಡ್ ಕಣ್ಣು ಹಾಯಿಸಿದರೆ 44 ಮೀಟರ್ ರಸ್ತೆಯನ್ನು ನೋಡದೆಯೇ ದಾಟಿದಂತಾಯಿತು. ಆಮೇಲೆ ತಲೆಯೆತ್ತಿ, ಎದುರಿಗಿರುವುದು ಏನೆಂದು ಅರಿತು, ಬ್ರೇಕ್ ಒತ್ತಿ, ಗಾಡಿ ನಿಲ್ಲುವಷ್ಟರಲ್ಲಿ ಇನ್ನೆಷ್ಟು ದೂರ ಹೋಗಿರುತ್ತದೆ ಎಂಬುದನ್ನು ಓದುಗರೇ ಲೆಕ್ಕ ಹಾಕಿಕೊಳ್ಳಲಿ. ಬೆಳಗಿನ ಜಾವ ನಮ್ಮ ಹಳ್ಳಿಗಳ ರಸ್ತೆಯಂಚಿನಲ್ಲಿ ಡೇರಿಗೆ ಹಾಲಿನ ಕ್ಯಾನ್ ಹಿಡಿದು ನಡೆದುಹೋಗುವವರು ಇರುತ್ತಾರೆ, ಸೇವಂತಿಗೆ ಮೂಟೆ ಹೇರಿಕೊಂಡು ಮಾರುಕಟ್ಟೆಗೆ ಹೊರಟ ದ್ವಿಚಕ್ರ ವಾಹನಗಳು ಇರುತ್ತವೆ, ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು ಇರುತ್ತವೆ. ಸೂರ್ಯೋದಯ ತಪ್ಪಿಹೋದೀತೆಂಬ ಅವಸರದಲ್ಲಿ ನಂದಿಬೆಟ್ಟದ ಕಡೆ ಧಾವಿಸುವ ಕಾರುಗಳೂ ಅದೇ ಹೊತ್ತಿಗೆ ಬರುತ್ತವೆ. ಚಳಿಗಾಲದಲ್ಲಾದರೆ ಇವೆಲ್ಲದರ ಮೇಲೆ ಮಂಜು ಬೇರೆ.

ಇನ್ನು ಫೋನ್ ಹೇಳುವ ದಾರಿಯೇ ಪೂರ್ತಿ ಸರಿ ಎಂಬ ನಂಬಿಕೆಯ ವಿಷಯ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರ ಸಂಕೇತ ಹಿಡಿದು ಫೋನ್ ತಾನಿರುವ ಜಾಗವನ್ನು ಲೆಕ್ಕ ಹಾಕುತ್ತದೆ. ಆಕಾಶ ತೆರೆದಿದ್ದರೂ ಐದು ಮೀಟರಿನಷ್ಟು ಆಚೀಚೆ ಆಗುವುದು ಸಾಮಾನ್ಯ. ಬೆಟ್ಟದ ಮರೆ, ದಟ್ಟ ಮರ, ಎತ್ತರದ ಕಟ್ಟಡ ಅಡ್ಡ ಬಂದರೆ ವ್ಯತ್ಯಾಸ ಇನ್ನೂ ಹೆಚ್ಚು. ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಮುಖ್ಯ ರಸ್ತೆಗೂ ಸರ್ವಿಸ್ ರಸ್ತೆಗೂ ನಡುವೆ ಇರುವುದು ಅಷ್ಟೇ ಅಂತರ. ಹೀಗಾಗಿ ಗಾಡಿ ಯಾವುದರಲ್ಲಿದೆ, ಮೇಲ್ಸೇತುವೆ ಹತ್ತಿದೆಯೋ ಕೆಳಗೇ ಉಳಿದಿದೆಯೋ ಎಂಬುದು ಫೋನಿಗೆ ಕೆಲವೊಮ್ಮೆ ತಿಳಿಯುವುದೇ ಇಲ್ಲ. ಎಡಕ್ಕೆ ತಿರುಗಿ ಎಂಬ ಸೂಚನೆ ತಡವಾಗಿ ಬರುತ್ತದೆ, ಅಷ್ಟರಲ್ಲಿ ತಿರುವು ದಾಟಿ ಹೋಗಿರುತ್ತದೆ.

ಅತಿ ಹೆಚ್ಚು ಅಪಾಯ ಇರುವುದು ಆ ಗಳಿಗೆಯಲ್ಲೇ. ನಂದಿ ಕ್ರಾಸ್ ಹತ್ತಿರ ನಾನು ಕಣ್ಣಾರೆ ಕಂಡಿದ್ದನ್ನು ಹೇಳುತ್ತೇನೆ. ಮುಂದೆ ಹೋಗುತ್ತಿದ್ದ ಕಾರೊಂದು ತಿರುವನ್ನು ದಾಟಿದ ಕೂಡಲೇ ಗಕ್ಕನೆ ನಿಂತಿತು. ಹಿಂದೆ ಬರುತ್ತಿದ್ದ ಲಗೇಜ್ ಟೆಂಪೋದ ಚಾಲಕ ಬ್ರೇಕ್ ಒತ್ತಿದ ರಭಸಕ್ಕೆ ಮೇಲಿನ ಎಲೆಕೋಸಿನ ಚೀಲಗಳು ಜಾರಿ ರಸ್ತೆಗೆ ಬಿದ್ದವು. ಅಷ್ಟಾದರೂ ಕಾರು ಬದಿಗೆ ಸರಿಯಲಿಲ್ಲ, ಹೆದ್ದಾರಿಯಲ್ಲೇ ರಿವರ್ಸ್ ಬರತೊಡಗಿತು. ಚಾಲಕನ ಕಣ್ಣು ಹಿಂದಿನ ಗಾಜಿನ ಕಡೆಗಿರಲಿಲ್ಲ, ಡ್ಯಾಶ್‌ಬೋರ್ಡಿನ ಮೇಲೆ ನಿಲ್ಲಿಸಿದ್ದ ಫೋನಿನ ಕಡೆಗಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಆದರೆ ಪ್ರತಿ ಸಲವೂ ಹಾಗೆ ಪಾರಾಗುತ್ತೇವೆಂದು ಏನು ಭರವಸೆ? ತಿರುವು ತಪ್ಪಿದರೆ ಮುಂದಕ್ಕೇ ಹೋಗಬೇಕು, ಫೋನ್ ತಾನಾಗಿಯೇ ಬೇರೆ ದಾರಿ ತೋರಿಸುತ್ತದೆ. ಕಳೆದುಹೋಗುವುದು ಹೆಚ್ಚೆಂದರೆ ಹತ್ತು ನಿಮಿಷ.

ಒಳರಸ್ತೆಗಳ ಕಥೆ ಇನ್ನೊಂದು. ಹೆದ್ದಾರಿಯಲ್ಲಿ ವಾಹನ ದಟ್ಟಣೆ ಹೆಚ್ಚಿದೊಡನೆ ಫೋನ್ ಸಮಯ ಉಳಿಸುವ ಲೆಕ್ಕ ಹಾಕಿ ಹಳ್ಳಿಗಳ ಒಳಗಿನ ದಾರಿಯನ್ನು ತೋರಿಸುತ್ತದೆ. ನಕ್ಷೆಯಲ್ಲಿ ಅದೂ ಒಂದು ಗೆರೆಯೇ. ಆದರೆ ಆ ಗೆರೆ ಕೆರೆ ಏರಿಯ ಮೇಲೆ ಹೋಗುತ್ತದೆಯೇ, ಏರಿಗೆ ತಡೆಗೋಡೆ ಇದೆಯೇ, ಎದುರಿನಿಂದ ಬಸ್ ಬಂದರೆ ಸರಿದು ನಿಲ್ಲಲು ಜಾಗವಿದೆಯೇ ಎಂಬುದನ್ನು ಗೆರೆ ಹೇಳುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಕೆರೆ ಏರಿಯೇ ರಸ್ತೆಯಾಗಿರುವ ಊರುಗಳು ಅನೇಕ. ಒಂದು ಕಡೆ ನೀರು, ಇನ್ನೊಂದು ಕಡೆ ಅಚ್ಚುಕಟ್ಟಿನ ಗದ್ದೆಯ ಇಳಿಜಾರು, ನಡುವೆ ಒಂದೇ ಗಾಡಿಗೆ ಸಾಲುವಷ್ಟು ಅಗಲ. ಇಂಥ ಕಡೆ ಕತ್ತಲಲ್ಲಿ ಪರದೆಯ ನೀಲಿ ಗೆರೆಯನ್ನು ನಂಬಿ ಬರುವುದು ಪ್ರಾಣವನ್ನು ಪಣಕ್ಕಿಟ್ಟಂತೆ. 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿ ಬಳಿ, ಪ್ರವಾಹದಲ್ಲಿ ಒಂದು ಭಾಗ ಕೊಚ್ಚಿಹೋಗಿದ್ದ ಸೇತುವೆಯ ಮೇಲೆ ಮ್ಯಾಪ್ ತೋರಿಸಿದ ದಾರಿಯಲ್ಲಿ ಸಾಗಿದ ಕಾರು ರಾಮಗಂಗಾ ನದಿಗೆ ಬಿದ್ದು ಮೂವರು ಸತ್ತರು. ಸೇತುವೆಯ ತುದಿಗೆ ಸರಿಯಾಗಿ ಅಡ್ಡಗಟ್ಟದಿದ್ದ ಅಧಿಕಾರಿಗಳ ತಪ್ಪು ಅದರಲ್ಲಿ ದೊಡ್ಡದು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೂ ಮುಂದಿರುವ ರಸ್ತೆಯನ್ನು ಕೊನೆಗೆ ನೋಡಬೇಕಾದವನು ಚಾಲಕನೇ.

ದ್ವಿಚಕ್ರ ವಾಹನ ಸವಾರರ ಸ್ಥಿತಿ ಕಾರಿನವರಿಗಿಂತ ಕೆಟ್ಟದ್ದು. ಹೆಲ್ಮೆಟ್ಟಿಗೂ ಕೆನ್ನೆಗೂ ನಡುವೆ ಫೋನ್ ಸಿಕ್ಕಿಸಿಕೊಂಡು ಧ್ವನಿ ಕೇಳುವವರು, ಎಡಗೈಯಲ್ಲಿ ಫೋನ್ ಹಿಡಿದು ಬಲಗೈಯಲ್ಲೇ ಗಾಡಿ ಓಡಿಸುವವರು ನಮ್ಮ ಬಿ.ಬಿ. ರಸ್ತೆಯಲ್ಲಿ ದಿನವೂ ಕಾಣಸಿಗುತ್ತಾರೆ. ಇವರಲ್ಲಿ ಊಟ, ಸಾಮಾನು ತಲುಪಿಸುವ ಕೆಲಸದ ಹುಡುಗರೂ ಇದ್ದಾರೆ. ಅವರನ್ನಷ್ಟೇ ಬೈದು ಸುಮ್ಮನಾಗುವುದು ನ್ಯಾಯವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಗಾಡಿ ಓಡುತ್ತಿರುವಾಗಲೇ ಮುಂದಿನ ಆರ್ಡರಿನ ಗಂಟೆ ಬಾರಿಸಿ, ಕೆಲವೇ ಸೆಕೆಂಡುಗಳಲ್ಲಿ ಒಪ್ಪಿಕೊಳ್ಳದಿದ್ದರೆ ಅದು ಇನ್ನೊಬ್ಬರ ಪಾಲಾಗುವಂತೆ ವ್ಯವಸ್ಥೆ ಮಾಡಿದ ಕಂಪನಿಗಳು ಮೊದಲು ತಮ್ಮ ಆ್ಯಪ್ ತಿದ್ದಿಕೊಳ್ಳಬೇಕು. ವಾಹನ ಚಲಿಸುತ್ತಿದೆ ಎಂಬುದು ಆ ಫೋನಿಗೆ ಗೊತ್ತೇ ಇರುತ್ತದೆ. ಗಾಡಿ ನಿಂತ ಮೇಲೆ ಆರ್ಡರ್ ತೋರಿಸುವುದು ಅವರಿಗೆ ಕಷ್ಟದ ಕೆಲಸವಲ್ಲ.

ಚಾಲಕರು ಮಾಡಬೇಕಾದ್ದು ಬಹಳವೇನಿಲ್ಲ. ಹೊರಡುವ ಮುನ್ನ, ಕೀ ತಿರುಗಿಸುವುದಕ್ಕೂ ಮೊದಲು, ಹೋಗಬೇಕಾದ ಊರನ್ನು ಫೋನಿನಲ್ಲಿ ಗುರುತಿಸಿ ಇಡೀ ದಾರಿಯನ್ನು ಒಮ್ಮೆ ನೋಡಿಕೊಳ್ಳಬೇಕು. ಯಾವ ಊರು ದಾಟಿ ಯಾವ ಕ್ರಾಸಿನಲ್ಲಿ ತಿರುಗಬೇಕು ಎಂಬುದು ತಲೆಯಲ್ಲಿದ್ದರೆ ಮುಕ್ಕಾಲು ಪಾಲು ಸಲ ಪರದೆ ನೋಡಬೇಕಾಗಿಯೇ ಬರುವುದಿಲ್ಲ. ಫೋನನ್ನು ಗಟ್ಟಿಯಾದ ಹಿಡಿಕೆಯಲ್ಲಿ, ಮುಂದಿನ ಗಾಜಿನಿಂದ ರಸ್ತೆ ಕಾಣುವುದಕ್ಕೆ ಅಡ್ಡ ಬಾರದ ಕಡೆ ಕೂರಿಸಿ, ಧ್ವನಿ ಸೂಚನೆಯನ್ನು ಚಾಲೂ ಮಾಡಿಕೊಳ್ಳಬೇಕು. ಕನ್ನಡದಲ್ಲೇ ದಾರಿ ಹೇಳುವ ಸೌಲಭ್ಯವಿದೆ, ಕಿವಿಗೆ ಕೇಳಿದ್ದನ್ನು ಕಣ್ಣಿನಿಂದ ಮತ್ತೆ ನೋಡಿ ಖಾತ್ರಿ ಮಾಡಿಕೊಳ್ಳುವ ಅಗತ್ಯವಿಲ್ಲ. ಜೊತೆಯಲ್ಲಿ ಯಾರಾದರೂ ಇದ್ದರೆ ಫೋನ್ ಅವರ ಕೈಗೆ ಕೊಡುವುದು ಇನ್ನೂ ಒಳ್ಳೆಯದು. ಅನುಮಾನ ಬಂದರೆ ಇಂಡಿಕೇಟರ್ ಹಾಕಿ, ಬದಿಗೆ ಸರಿದು, ಪೂರ್ತಿ ನಿಲ್ಲಿಸಿ ನೋಡಲಿ. ಇಲ್ಲವೇ ಟೀ ಅಂಗಡಿಯ ಮುಂದೆ ನಿಂತು, ‘ಅಣ್ಣಾ, ಆವಲಗುರ್ಕಿಗೆ ಯಾವ ಕಡೆ?’ ಎಂದು ಕೇಳಲಿ. ‘ಇಲ್ಲೇ ಎಡಕ್ಕೆ ಹೋಗಿ ಸಾರ್, ಆದ್ರೆ ಏರಿ ಮೇಲೆ ಕಲ್ಲು ಸುರಿದಿದ್ದಾರೆ, ಊರೊಳಗಿಂದ ಹೋಗಿ’ ಎನ್ನುವ ಮಾಹಿತಿ ಯಾವ ಮ್ಯಾಪಿನಲ್ಲೂ ಅಷ್ಟು ಬೇಗ ಸಿಗುವುದಿಲ್ಲ. ಇನ್ನು 1,478 ಮೀಟರ್ ಎತ್ತರದ ನಂದಿಬೆಟ್ಟವನ್ನು ಗಾಡಿಯಲ್ಲಿ ಏರಲು ಇರುವುದು ಒಂದೇ ದಾರಿ. ಬುಡ ತಲುಪಿದ ಮೇಲೆ ಫೋನ್ ಜೇಬಿಗೆ ಹಾಕಿಕೊಂಡು ಎರಡೂ ಕಣ್ಣನ್ನು ಆ ಹಿಮ್ಮುರಿ ತಿರುವುಗಳ ಮೇಲಿಡುವುದಕ್ಕೆ ಯಾರಿಗೂ ಅಡ್ಡಿಯಿಲ್ಲ.

ಸಂಚಾರ ಪೊಲೀಸರು ಹೆಲ್ಮೆಟ್ ತಪಾಸಣೆಗೆ ತೋರಿಸುವ ಶ್ರದ್ಧೆಯನ್ನು ಕೈಯಲ್ಲಿ ಫೋನ್ ಹಿಡಿದವರ ಮೇಲೂ ತೋರಿಸಬೇಕು. ಮ್ಯಾಪ್ ನೋಡುತ್ತಿದ್ದೆ ಎಂಬ ನೆಪಕ್ಕೆ ಬಿಟ್ಟುಕಳಿಸಬಾರದು. ಹಿಡಿಕೆಯಲ್ಲಿ ಕೂರಿಸಿ ಧ್ವನಿ ಕೇಳುತ್ತಾ ಬರುವವರನ್ನು ತಡೆದು ಪೀಡಿಸಲೂಬಾರದು. ಎರಡರ ನಡುವಿನ ವ್ಯತ್ಯಾಸ ದೂರದಿಂದಲೇ ಕಾಣುತ್ತದೆ.

ಜನರು ಫೋನಿನ ಮೇಲೆ ಇಷ್ಟು ಅವಲಂಬಿತರಾಗಲು ನಮ್ಮ ರಸ್ತೆಗಳ ಫಲಕಗಳೂ ಒಂದು ಕಾರಣ. ಹಲವೆಡೆ ಊರಿನ ಹೆಸರಿನ ಫಲಕ ಇರುವುದು ತಿರುವಿನ ಮೂತಿಯಲ್ಲೇ, ಅದು ಕಣ್ಣಿಗೆ ಬೀಳುವಷ್ಟರಲ್ಲಿ ತಿರುಗುವ ಅವಕಾಶ ಮುಗಿದಿರುತ್ತದೆ. ಕೆಲವೆಡೆ ಮುಖಂಡರ ಹುಟ್ಟುಹಬ್ಬದ ಫ್ಲೆಕ್ಸ್‌ಗಳು ಫಲಕವನ್ನೇ ಮುಚ್ಚಿವೆ. ನಂದಿಬೆಟ್ಟ, ಸ್ಕಂದಗಿರಿ, ಆವಲಗುರ್ಕಿ ಕಡೆಗೆ ಒಡೆಯುವ ಪ್ರತಿ ತಿರುವಿಗೂ ಸಾಕಷ್ಟು ಮೊದಲೇ, ರಾತ್ರಿ ದೀಪದ ಬೆಳಕಿಗೆ ಹೊಳೆಯುವ ದೊಡ್ಡ ಅಕ್ಷರದ ಕನ್ನಡ ಫಲಕಗಳನ್ನು ನಿಲ್ಲಿಸಬೇಕು, ಅಲ್ಲಲ್ಲಿ ಗಾಡಿ ಬದಿಗೆ ಹಾಕಿ ದಾರಿ ನೋಡಿಕೊಳ್ಳಲು ಜಾಗ ಗುರುತಿಸಬೇಕು, ತಡೆಗೋಡೆಯಿಲ್ಲದ ಕೆರೆ ಏರಿಗಳ ಎರಡೂ ತುದಿಯಲ್ಲಿ ಎಚ್ಚರಿಕೆಯ ಫಲಕ ಹಾಕಬೇಕು, ಫಲಕ ಮುಚ್ಚಿರುವ ಫ್ಲೆಕ್ಸ್‌ಗಳನ್ನು ಈ ವಾರವೇ ತೆಗೆಸಬೇಕು ಎಂದು ಜಿಲ್ಲಾಡಳಿತವನ್ನೂ ಹೆದ್ದಾರಿ ಪ್ರಾಧಿಕಾರವನ್ನೂ ನಿಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ,
ನಂದಿ ಹೋಬಳಿಯ ನಿವಾಸಿ,
ಚಿಕ್ಕಬಳ್ಳಾಪುರ